ಊದಬ್ಯಾಡ್ರಿ, ಒರಸ್ರಿ

ನಾನು ಓದಿದ್ದು ಜೀವಶಾಸ್ತ್ರ. ಆದರೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಅಂದರೆ ವೈರು ಇರುವ ಎಲ್ಲದಕ್ಕೂ ಅವಳೇ ಹೊಣೆ ಎಂದು ಯಾವ ಪುಣ್ಯಾತ್ಮ ತೀರ್ಮಾನ ಮಾಡಿದನೋ ಗೊತ್ತಿಲ್ಲ. ಫ್ಯಾನ್ ನಿಂತರೆ ನನ್ನನ್ನು ಕರೆಯುತ್ತಾರೆ, ಪ್ರಾರ್ಥನೆಯ ಮೈಕು ಕಿರುಚಿದರೆ ನನ್ನನ್ನು ಕರೆಯುತ್ತಾರೆ. ಕಂಪ್ಯೂಟರ್ ಕೋಣೆಯಂತೂ ಶುರುವಾದ ದಿನದಿಂದ ನನ್ನ ಕೊರಳಿಗೇ ಬಿದ್ದಿದೆ. ಬೆಳಿಗ್ಗೆ ಚಿತ್ತಾಪುರದ ಮನೆಯಿಂದ ವಾಡಿಗೆ ಬರಬೇಕು, ಅಲ್ಲಿ ಇಳಿದು ಇನ್ನೊಂದು ರೈಲುಗಾಡಿ ಹಿಡಿದು ಶಹಾಬಾದಿಗೆ ಹೋಗಬೇಕು, ಸಂಜೆ ಮತ್ತೆ ಅದೇ ದಾರಿ. ಇದರ ನಡುವೆ ಎಲ್ಲಿಯ ಕಂಪ್ಯೂಟರು, ಎಲ್ಲಿಯ ಲಿನಕ್ಸು! ಸಾಕಪ್ಪಾ ಸಾಕು ಅನಿಸಿಬಿಟ್ಟಿದೆ.

ಮೊನ್ನೆ ಆ ಕೋಣೆಯ ಬೀಗ ತೆಗೆದು ಒಳಗೆ ಹೋದೆ. ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಬೇರೆ ಊರಿನವರಾಗಿದ್ದರೆ ಉಫ್ ಎಂದು ಊದುತ್ತಿದ್ದರು. ನಾನು ಒದ್ದೆ ಬಟ್ಟೆ ಹುಡುಕಿದೆ. ನಮ್ಮ ಶಾಲೆಯಲ್ಲಿ ಯಾರೂ ಧೂಳು ಊದುವುದಿಲ್ಲ. ಅದು ನಮ್ಮ ಗಣಿತದ ಸರ್ ಹಚ್ಚಿ ಹೋದ ಚಾಳಿ. "ಊದಬ್ಯಾಡ್ರಿ, ಒರಸ್ರಿ" ಎಂದು ಮಕ್ಕಳಿಗೆ, ನಮಗೆ, ಒಮ್ಮೆ ಶಾಲೆ ನೋಡಲು ಬಂದ ಸಾಹೇಬರಿಗೂ ಹೇಳಿದವರು ಅವರು. "ಊದಿದ್ರ ಎಲ್ಲಿ ಹೋಗ್ತದ್ರಿ ಅದು? ಬಾಜೂಕಿನವನ ಮೂಗಿನ್ಯಾಗ ಹೋಗ್ತದ." ಸಾಹೇಬರು ಕರವಸ್ತ್ರ ತೆಗೆದು ಕುರ್ಚಿ ಒರೆಸಿಕೊಂಡು ಕೂತರು. ಆ ಸರ್ ಹೋದ ತಿಂಗಳು ತೀರಿಕೊಂಡರು.

ಶಹಾಬಾದ್ ಅಂದರೆ ಕಲ್ಲು. ನಿಮ್ಮ ಅಜ್ಜನ ಮನೆಯ ನೆಲಕ್ಕೆ ಹಾಸಿದ ಬೂದು ಬಣ್ಣದ ಫರ್ಸಿ ಇಲ್ಲಿಯದೇ ಇದ್ದೀತು. ನಮ್ಮ ಶಾಲೆಯ ರಸ್ತೆಯ ಉದ್ದಕ್ಕೂ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಯಂತ್ರಗಳಿವೆ. ಅವುಗಳಿಂದ ಏಳುವ ಧೂಳು ಜೋಳದ ಹಿಟ್ಟಿಗಿಂತ ನುಣುಪು. ಅದು ಡಬ್ಬಿಯ ಮುಚ್ಚಳದ ಸಂದಿಯಲ್ಲಿರುತ್ತದೆ, ಬೀಗದ ಹೊಟ್ಟೆಯಲ್ಲಿರುತ್ತದೆ, ಊಟದ ರೊಟ್ಟಿಯ ಮೇಲಿರುತ್ತದೆ. ಸರ್ ಅವರ ತಂದೆ ಗುಂಡಗುರ್ತಿಯಿಂದ ಬಂದು ಇಲ್ಲಿ ಪಾಲಿಶ್ ಕೆಲಸಕ್ಕೆ ನಿಂತವರು. ಆ ಮನೆಯಲ್ಲಿ ಒಂದು ರೂಢಿ ಇತ್ತು: ತೂತು ಕಂಡರೆ ಮುಚ್ಚುವುದು. ಬಾಟಲಿಗೆ ಬೂಚು, ಕೀಲಿಯ ತೂತಿಗೆ ಅರಳೆ, ನೀರಿನ ಕೊಡಕ್ಕೆ ಒದ್ದೆ ಬಟ್ಟೆ. ಇಲ್ಲಿಯ ಹಳೆಯ ಮನೆಗಳಲ್ಲೆಲ್ಲ ಇದು ಅಷ್ಟಿಷ್ಟು ಇದ್ದದ್ದೇ, ಸರ್ ಅವರಲ್ಲಿ ಮಾತ್ರ ಅದು ಹುಚ್ಚಿನ ತನಕ ಹೋಗಿತ್ತು.

ಸ್ಟಾಫ್ ರೂಮಿನಲ್ಲಿ ನಾವೆಲ್ಲ ಹರಟೆ ಹೊಡೆಯುವಾಗ ಅವರು ಅರ್ಧ ಬ್ಲೇಡು ಹಿಡಿದು ಬೇವಿನ ಕಡ್ಡಿ ಕೆತ್ತುತ್ತಾ ಕೂತಿರುತ್ತಿದ್ದರು. ಸಣ್ಣ ಸಣ್ಣ ಬೂಚು ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವರು. ಗೋಡೆಯಲ್ಲಿ ಮೊಳೆ ಕಿತ್ತ ತೂತಿರಲಿ, ಮೇಜಿನಲ್ಲಿ ಹುಳ ಕೊರೆದ ತೂತಿರಲಿ, ಅಲ್ಲಿಗೊಂದು ಬೂಚು. ನಮಗೆಲ್ಲ ನಗು. "ಸರ್, ಎಲ್ಲಾ ತೂತ ಮುಚ್ಚಿ ಏನ್ ಮಾಡ್ತೀರಿ?" ಎಂದರೆ ತಲೆ ಎತ್ತದೆ ಹೇಳುವರು: "ನೀವು ತೆರಕೋಂತ ಹೋಗ್ರಿ, ನಾ ಮುಚ್ಚಕೋಂತ ಬರ್ತೀನಿ."

ಶಾಲೆಗೆ ಕಂಪ್ಯೂಟರ್ ಬಂದಾಗ ಅವರಿಗೆ ಸಂಭ್ರಮವೂ ಇಲ್ಲ, ಅಸಡ್ಡೆಯೂ ಇಲ್ಲ. ಅಳತೆ ತೆಗೆದುಕೊಂಡು ಹೋದರು. ಮುಂದಿನ ವಾರ ಅವರ ಹೆಂಡತಿ ಹಳೆಯ ಧೋತರದ ಬಟ್ಟೆಯಲ್ಲಿ ಹೊಲಿದ ಅಂಗಿಗಳು ಬಂದವು. ಪರದೆಗೊಂದು, ಕೀಲಿಮಣೆಗೊಂದು, ಕೆಳಗಿನ ಪೆಟ್ಟಿಗೆಗೊಂದು. ಪೆಟ್ಟಿಗೆಯ ಅಂಗಿಗೆ ಚಾಲೂ ಮಾಡುವ ಗುಂಡಿಯ ಜಾಗದಲ್ಲಿ ಮಾತ್ರ ಒಂದು ಕಿಂಡಿ, ಹಿಂದೆ ವೈರುಗಳಿಗೆ, ಗಾಳಿಗೆ ತೆರವು. ನಾನು ರೇಗಿದೆ. "ಸರ್, ಇದು ಕಂಪ್ಯೂಟರ್ ಅದ ರೀ, ಉಪ್ಪಿನಕಾಯಿ ಭರಣಿ ಅಲ್ಲ." ಅವರು ಶಾಂತವಾಗಿ, "ಭರಣಿಗಿ ಇದ್ದಷ್ಟು ಮರ್ಯಾದಿ ಇದಕ್ಕ ಬ್ಯಾಡೇನು ತಂಗಿ?" ಅಂದರು. ಒಂದು ಇಡೀ ಮಧ್ಯಾಹ್ನ ಕೋಣೆಯಲ್ಲಿ ಒಬ್ಬರೇ ಕೂತು ಎಲ್ಲಕ್ಕೂ ಅಂಗಿ ತೊಡಿಸಿ ಬಂದರು. ಈಗ ಹೇಳುತ್ತೇನೆ, ಆ ಅಂಗಿಗಳಿಂದಲೇ ನಮ್ಮ ಯಂತ್ರಗಳು ಇಷ್ಟು ವರ್ಷ ಬದುಕಿದವು. ಬೇರೆ ಶಾಲೆಗಳಲ್ಲಿ ಎಂದೋ ಗುಜರಿ ಸೇರಿದವು.

ಪಾಠದಲ್ಲಿ ಮಹಾ ಕಟ್ಟುನಿಟ್ಟು. ಮಕ್ಕಳು "ತಿಳೀತು ಸರ್" ಎಂದು ರಾಗ ಎಳೆದರೆ ಅವರಿಗೆ ಪಿತ್ತ ಏರುತ್ತಿತ್ತು. "ತಿಳೀತು ಅನಬ್ಯಾಡ, ಮಾಡಿ ತೋರ್ಸು." ದನಿಯಂತೂ, ಏನು ಹೇಳಲಿ, ಕಲ್ಲು ಕೊಯ್ಯುವ ಯಂತ್ರದ ಗದ್ದಲದ ಮೇಲೆ ಪಾಠ ಮಾಡಿ ಮಾಡಿ ಬೆಳೆದ ದನಿ. ಪಕ್ಕದ ಕೋಣೆಯಲ್ಲಿ ನಾನು ಹೃದಯದ ಚಿತ್ರ ಬರೆಯುತ್ತಿದ್ದರೆ ನನ್ನ ಮಕ್ಕಳು ಅವರ ಪ್ರಮೇಯ ಕಲಿತುಬಿಡುತ್ತಿದ್ದರು. ಹೊಗಳುವುದು ಮಾತ್ರ ಅವರ ಬಾಯಲ್ಲಿ ಇರಲಿಲ್ಲ. ಲೆಕ್ಕ ಸರಿಯಾಗಿ ಬಿಡಿಸಿದ ಮಗುವಿನ ಕೈಗೆ ತಾವು ಹಲಗೆಯ ಮೇಲೆ ಬರೆಯುತ್ತಿದ್ದ ಖಡುವಿನ ತುಂಡು ಕೊಟ್ಟುಬಿಡುವರು. ಅಷ್ಟೇ. ಆ ತುಂಡಿಗಾಗಿ ಮಕ್ಕಳು ಹಲ್ಲು ಕಚ್ಚಿ ಲೆಕ್ಕ ಮಾಡುತ್ತಿದ್ದರು.

ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ಅವರ ಗಂಟಲು ಕಟ್ಟಿತು. ಬಿಸಿನೀರು, ಅರಿಶಿನ, ಜೇನುತುಪ್ಪ ಎಲ್ಲಾ ಆಯಿತು. ಕಡೆಗೆ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಗಂಟಲಿನ ಗಡ್ಡೆ ಎಂದರು, ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ನೋಡಲು ಹೋದವರೆಲ್ಲ ಅವರ ಹೆಂಡತಿಯನ್ನು ಕೇಳಿದ್ದು ಒಂದೇ: "ಬೀಡಿ ಸೇದ್ತಿದ್ರೇನ್ರಿ? ಗುಟಖಾ ತಿಂತಿದ್ರೇನ್ರಿ?" ಎರಡೂ ಇಲ್ಲ. ಆ ಹೆಣ್ಣುಮಗಳು ಉತ್ತರ ಹೇಳಿ ಹೇಳಿ ಸಾಕಾಗಿ ಕಡೆಗೆ ಬಾಗಿಲಲ್ಲೇ ಮೊದಲು ಅದನ್ನೇ ಹೇಳಿ ಒಳಗೆ ಬಿಡುತ್ತಿದ್ದರು.

ಕೊರಳ ಬುಡದಲ್ಲಿ ಅವರಿಗೆ ಒಂದು ತೂತು ಮಾಡಿದ್ದರು. ಉಸಿರು ಇನ್ನು ಅದರಲ್ಲೇ. ಮೂಗು ಬಾಯಿ ಇದ್ದೂ ಇಲ್ಲದ ಹಾಗೆ. ಅದನ್ನು ಮುಚ್ಚುವಂತಿಲ್ಲ, ತೆರೆದು ಬಿಡುವಂತೆಯೂ ಇಲ್ಲ. ಹೆಂಡತಿ ಅದೇ ಹಳೆಯ ಧೋತರದ ತೆಳು ಬಟ್ಟೆಯಲ್ಲಿ ಚೌಕ ಚೌಕ ಹೊಲಿದು, ದಾರ ಕಟ್ಟಿ, ಗಾಳಿ ಆಡುವ ಹಾಗೆ ಕೊರಳಿಗೆ ಇಳಿಬಿಟ್ಟರು. ದಿನಕ್ಕೆ ಎಷ್ಟೋ ಸಲ ಬದಲಾಯಿಸುವರು, ಒಗೆದು ಹಗ್ಗದ ಮೇಲೆ ಸಾಲಾಗಿ ಒಣಹಾಕುವರು. ಸರ್ ಒಂದು ಪಾಟಿ ಹಿಡಿದುಕೊಂಡು ಓಡಾಡತೊಡಗಿದರು. ಹೇಳುವುದನ್ನು ಬಳಪದಲ್ಲಿ ಬರೆಯುವುದು, ತೋರಿಸುವುದು, ಒದ್ದೆ ಬಟ್ಟೆಯಿಂದ ಒರೆಸುವುದು. ಆದರೆ ಮನೆಯಲ್ಲಿ ಪಾಟಿ ನಡೆಯುವುದಿಲ್ಲ. ಹೆಂಡತಿಗೆ ಓದು ಬರುವುದಿಲ್ಲ.

ರಜೆ ಮುಗಿಸಿ ಶಾಲೆಗೆ ಬಂದ ದಿನ ನಮ್ಮ ಹೆಡ್ ಮಾಸ್ತರು ಅವರನ್ನು ಕೂರಿಸಿಕೊಂಡರು. ಹೆಡ್ ಮಾಸ್ತರು ಚಿಂಚೋಳಿ ಕಡೆಯವರು, ಮೆದು ಮನುಷ್ಯ, ಯಾರಿಗೂ ಬೇಡ ಎನ್ನಲು ಬಾರದವರು. ಅವತ್ತು ಅನ್ನಲೇಬೇಕಾಗಿತ್ತು. ನಾನು ಹಾಜರಿ ಹಾಕಲು ಹೋದವಳು ಅಲ್ಲೇ ನಿಂತೆ.

"ಸರ್, ನೀವು ಆಫೀಸಿನ್ಯಾಗ ಕುಂದ್ರಿ. ವರ್ಷ ಅಂಬೋದು ಹಂಗೇ ಹೋಗ್ತದ. ಹತ್ತನೇದವರಿಗಿ ಪರೀಕ್ಷಾ ಅದ, ದನಿ ಇಲ್ದ ಹ್ಯಾಂಗ ಕಲಸ್ತೀರಿ? ತಾಯಿ ತಂದಿ ಬಂದು ನನ್ನ ಕೇಳ್ತಾರ್ರಿ."

ಸರ್ ಪಾಟಿಯ ಮೇಲೆ ಬರೆದರು: "ಕ್ಲಾಸಿನ್ಯಾಗ ನಿಂತೇ ರಿಟೈರ್ ಆಗ್ತೀನಿ."

"ಹಟ ಮಾಡಬ್ಯಾಡ್ರಿ ಸರ್."

ಸರ್ ಅದನ್ನು ಒರೆಸಲಿಲ್ಲ. ಪಾಟಿಯನ್ನು ಹಾಗೇ ಹಿಡಿದುಕೊಂಡು ಕೂತರು. ಹೆಡ್ ಮಾಸ್ತರು ಕಿಟಕಿ ನೋಡಿದರು, ನನ್ನನ್ನು ನೋಡಿದರು, ಕಡೆಗೆ ಉಸಿರು ಬಿಟ್ಟು, "ದಸರಾ ಸೂಟಿ ಮುಗೀಲಿ. ಶಾಲೆ ಚಾಲೂ ಆದ ದಿನ ನಾ ಹಿಂದಿನ ಬೆಂಚಿನ್ಯಾಗ ಬಂದು ಕುಂದರ್ತೀನಿ. ಕ್ಲಾಸ ನಡೀತು ಅಂದ್ರ ನಡೀತು. ಇಲ್ಲಾಂದ್ರ ನನ್ನ ಮಾತ ಕೇಳಬೇಕು," ಅಂದರು.

ಹೊರಗೆ ಬಂದವರೇ ಸರ್ ನನ್ನ ಮುಂದೆ ಪಾಟಿ ಹಿಡಿದರು. "ಬರದದ್ದು ಕಂಪ್ಯೂಟರ ಓದಿ ಹೇಳ್ತದಂತ. ಖರೇ ಏನು ತಂಗಿ?" ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರು ಯಾರೋ ಹೇಳಿದ್ದರಂತೆ.

ಮೊದಲು ನನ್ನ ಮೊಬೈಲಿನಲ್ಲಿ ಓದಿಸಿ ನೋಡಿದೆವು. ಅದರ ದನಿ ಮೊದಲ ಬೆಂಚು ದಾಟಲಿಲ್ಲ, ಅವರ ಬೆರಳಿಗೆ ಆ ಪುಟ್ಟ ಅಕ್ಷರಗಳು ಸಿಗಲೂ ಇಲ್ಲ. ಕೀಲಿಮಣೆಯಾದರೆ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಮಾಡಿ ಕೈ ಪಳಗಿತ್ತು. ನಮ್ಮ ಕಂಪ್ಯೂಟರುಗಳನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದಲ್ಲಿ ಕನ್ನಡ ಓದುವ ಒಂದು ಪುಕ್ಕಟೆ ಸಲಕರಣೆ ಇತ್ತು. ಬೀರುವಿನಲ್ಲಿ ಪೊಟ್ಟಣ ಬಿಚ್ಚದ ದೊಡ್ಡ ಸ್ಪೀಕರುಗಳೂ ಇದ್ದವು. ತಂದು ಪೆಟ್ಟಿಗೆಯ ಹಿಂದಿನ ತೂತಿಗೆ ಸಿಕ್ಕಿಸಿದೆ. ದೀಪ ಹತ್ತಿತು. "ನಮಸ್ಕಾರ" ಎಂದು ಬರೆದು ಓದು ಎಂದೆ. ಅಕ್ಷರದ ಮೇಲೆ ಬೆಳಕು ಓಡಿತು. ಸದ್ದಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ವನವಾಸ. ಪರದೆಯ ಮೇಲೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ದನಿ ಹೊರಡಿಸುವ ಸೌಂಡ್ ಕಾರ್ಡ್ ಇದೆಯೇ ಎಂದು ಕೇಳಿದರೆ, ಇದೆ ಅನ್ನುತ್ತದೆ. ಕೆಲಸ ಮಾಡುತ್ತಿದೆಯೇ ಅಂದರೆ, ಮಾಡುತ್ತಿದೆ ಅನ್ನುತ್ತದೆ. ದನಿ ಏರಿಸುವ ಇಳಿಸುವ ಪರದೆಯಲ್ಲಿ ಸಾಲಾಗಿ ಕಂಬಗಳು ನಿಂತಿರುತ್ತವೆ, ಯಾವುದರ ಬಾಯಿ ಮುಚ್ಚಿದೆಯೋ ಅದರ ಬುಡದಲ್ಲಿ ಗುರುತು ಇರುತ್ತದೆ. ಎಲ್ಲವನ್ನೂ ತೆರೆದು, ಎಲ್ಲ ಕಂಬವನ್ನೂ ತುದಿ ಮುಟ್ಟಿಸಿದೆ. ಸದ್ದಿಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ಒಬ್ಬ ಇದನ್ನು ಬರೆ ಅಂದ, ಬರೆದೆ, ಕಾರ್ಡೇ ಮಾಯವಾಯಿತು. ಇನ್ನೊಬ್ಬ ಅದನ್ನು ಅಳಿಸು ಅಂದ, ಅಳಿಸಿದೆ, ಕಾರ್ಡು ಬಂತು, ದನಿ ಬರಲಿಲ್ಲ. ಮತ್ತೊಬ್ಬ ಮಹಾಶಯ ಥೇಟ್ ನಮ್ಮದೇ ತೊಂದರೆ ಬರೆದು, ಕೆಳಗೆ "ಸರಿಹೋಯಿತು, ಎಲ್ಲರಿಗೂ ಧನ್ಯವಾದ" ಎಂದು ಹಾಕಿ ಹೋಗಿದ್ದ. ಹೇಗೆ ಸರಿಹೋಯಿತೋ ಬರೆದಿರಲಿಲ್ಲ. ಗಾಡಿ ವಾಡಿ ಮುಟ್ಟುವವರೆಗೂ ನಾನು ಅವನಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದೆ.

ಸೇಡಂನಿಂದ ರಿಪೇರಿಯವನೊಬ್ಬನನ್ನು ಕರೆಸಿದೆ. ಬಂದವನು ಕುರ್ಚಿಯಲ್ಲೂ ಕೂರದೆ, "ಮೇಡಂ, ಈ ಲಿನಕ್ಸ್ ತೆಗದು ಬ್ಯಾರೇದು ಹಾಕ್ರಿ, ತಾನೇ ಮಾತಾಡ್ತದ," ಎಂದ. ಹಾಗೆ ತೆಗೆದು ಹಾಕಲು ಇಲಾಖೆಯ ಒಪ್ಪಿಗೆ ಬೇಕು, ಒಪ್ಪಿಗೆ ಬರುವಷ್ಟರಲ್ಲಿ ಸರ್ ನಿವೃತ್ತಿಯಾಗಿ ಮೊಮ್ಮಕ್ಕಳ ಮದುವೆ ಮಾಡಿರುತ್ತಾರೆ. ಚಹಾ ಕುಡಿಸಿ ಕಳಿಸಿದೆ.

ನಾನು ಒದ್ದಾಡುವಾಗ ಸರ್ ಪಕ್ಕದ ಸ್ಟೂಲಿನ ಮೇಲೆ ಕೂತು ಕಡ್ಡಿ ಕೆತ್ತುತ್ತಿದ್ದರು. ಕೊರಳ ಬಟ್ಟೆ ಉಸಿರಿಗೆ ಮೇಲೆ ಕೆಳಗೆ ಆಡುವುದು. ಒಮ್ಮೆಯೂ ಬೇಗ ಮಾಡು ಎನ್ನಲಿಲ್ಲ. ನನ್ನ ಮುಖ ಬಾಡಿದ್ದು ಕಂಡರೆ ಪಾಟಿ ಮುಂದೆ ಬರುವುದು: "ಇವತ್ತ ಬಿಡು ತಂಗಿ. ನಿನ್ನ ಗಾಡಿ ಹೋಗ್ತದ." ನನಗೆ ಅದೇ ಹೆಚ್ಚು ಸಿಟ್ಟು ತರಿಸುತ್ತಿತ್ತು. ಬೈದಿದ್ದರೆ ಬಿಟ್ಟು ಹೋಗುತ್ತಿದ್ದೆನೇನೋ.

ದನಿ ಬರುವ ಮೊದಲೇ ಮಾತು ಆರಿಸುವ ಕೆಲಸ ನಡೆಯಿತು. ಪಾಠದ ನಡುವೆ ಪ್ರತಿ ಸಲ ಟೈಪ್ ಮಾಡಲು ಆಗುವುದಿಲ್ಲವಲ್ಲ, ಮತ್ತೆ ಮತ್ತೆ ಬೇಕಾಗುವ ಮಾತುಗಳನ್ನು ಕೀಲಿಮಣೆಯ ಮೇಲಿನ ಸಾಲಿಗೆ ಕಟ್ಟಿಬಿಡೋಣ, ಒಂದು ಒತ್ತಿದರೆ ಒಂದು ಮಾತು, ಎಂದೆ. ಯಾವ ಮಾತು ಬೇಕು ಹೇಳಿ ಸರ್ ಅಂದರೆ ಅವರು ಪಾಟಿಯ ಮೇಲೆ ಬರೆದು ಒರೆಸಿ, ಬರೆದು ಒರೆಸಿ ಮಾಡಿದರು. ಇಷ್ಟು ವರ್ಷ ಆಡಿದ್ದರಲ್ಲಿ ಕೈಬೆರಳಿನಷ್ಟು ಮಾತ್ರ ಇಟ್ಟುಕೋ ಅಂದರೆ ಯಾರಿಗಾದರೂ ಕಷ್ಟವೇ. "ತಿಳೀತು ಅನಬ್ಯಾಡ, ಮಾಡಿ ತೋರ್ಸು" ಮೊದಲು ಬಂತು. "ತಪ್ಪಾದ್ರ ಆಗ್ಲಿ, ಹಲಗಿಗೆ ಬಾ." "ಊದಬ್ಯಾಡ, ಒರಸು." ಆಮೇಲೆ ಕಣ್ಣಲ್ಲೇ ನಗುತ್ತಾ ಬರೆದರು: "ಹಿಂದಿನ ಬೆಂಚು, ನಾ ಇನ್ನಾ ಜೀವಂತ ಅದೀನಿ." ಶಾಬಾಸ್ ಎಂದು ಒಂದು ಹಾಕಲೇ ಎಂದು ಕೇಳಿದೆ. ಪಾಟಿ ಒರೆಸಿ ಬರೆದರು: "ದನಿ ಇದ್ದಾಗ ಅಂದಿಲ್ಲ. ಈಗ್ಯಾಕ?"

ದಸರಾ ಸೂಟಿಯಲ್ಲೂ ಬಂದೆವು. ಮನೆಯಲ್ಲಿ ನನ್ನ ಗಂಡ, "ಶಾಲಿ ಬಂದ್ ಅದ, ನೀ ಒಬ್ಬಾಕಿ ಏನ್ ಮಾಡ್ಲಿಕತ್ತೀದಿ ಅಲ್ಲಿ?" ಎಂದು ಕೇಳಿದ. ಸತ್ತ ಯಂತ್ರದ ಜೊತೆ ಮಾತಾಡುತ್ತಿದ್ದೇನೆ ಎಂದೆ. ಸೂಟಿ ಮುಗಿಯಿತು. ಯಂತ್ರ ಬಾಯಿ ಬಿಡಲಿಲ್ಲ.

ಶಾಲೆ ಶುರುವಾದ ದಿನ ನನ್ನ ಗಾಡಿಯನ್ನು ವಾಡಿಯ ಹೊರಗೆ ನಿಲ್ಲಿಸಿಬಿಟ್ಟರು. ಶಹಾಬಾದ್ ಸ್ಟೇಷನ್ನಿನಿಂದ ಆಟೋ ಹಿಡಿದು, ಸೆರಗು ಸರಿಮಾಡಿಕೊಳ್ಳುತ್ತಾ ಬಂದರೆ ಅಂಗಳದಲ್ಲಿ ಮಕ್ಕಳು ಪ್ರಾರ್ಥನೆಗೆ ಸಾಲು ನಿಂತಿದ್ದಾರೆ. ಹೆಡ್ ಮಾಸ್ತರು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ನಿಂತಿದ್ದಾರೆ. ಪ್ರಾರ್ಥನೆ ಮುಗಿದ ಮೇಲೆ ಹತ್ತನೆಯ ತರಗತಿ ಕಂಪ್ಯೂಟರ್ ಕೋಣೆಗೇ ಬರುವುದೆಂದು ಗೊತ್ತಾಗಿತ್ತು. ಒಳಗೆ ಸರ್ ಇಸ್ತ್ರಿ ಅಂಗಿ ಹಾಕಿ, ಕೊರಳಿಗೆ ಹೊಸದಾಗಿ ಹೊಲಿದ ಬಟ್ಟೆ ಕಟ್ಟಿಕೊಂಡು, ಹಲಗೆಯ ಮೇಲೆ ಪ್ರಮೇಯದ ಚಿತ್ರ ಬರೆದು ನಿಂತಿದ್ದರು. ನನ್ನನ್ನು ನೋಡಿ ಪಾಟಿ ಎತ್ತಲಿಲ್ಲ. ನೋಡಿದರು ಅಷ್ಟೇ.

ಚೀಲ ಮೇಜಿನ ಮೇಲಿಟ್ಟು ಯಂತ್ರದ ಮುಂದೆ ಹೋದೆ. ಕೂತೆ. ಹಿಂದಿನ ಬೆಂಚಿನ ಮಾತನ್ನೇ ಮೇಲಿಂದ ಮೇಲೆ ಓದುವ ಹಾಗೆ ಹಚ್ಚಿಟ್ಟು, ಕಂಬಗಳನ್ನೆಲ್ಲ ಮತ್ತೆ ತುದಿಗೆ ಏರಿಸಿ, ಇನ್ನು ಒತ್ತಲು ಏನೂ ಉಳಿಯದೆ, ದನಿ ಎಲ್ಲಿಂದ ಹೊರಗೆ ಹೋಗಬೇಕು ಎಂದು ತೋರಿಸುವ ಪುಟವನ್ನು ಓದತೊಡಗಿದೆ. ಅದನ್ನು ಎಷ್ಟೋ ಸಲ ನೋಡಿದ್ದೆ. ನೋಡಿದ್ದೆ ಅಷ್ಟೇ, ಓದಿರಲಿಲ್ಲ. ಹೆಡ್‌ಫೋನ್ ಎಂಬ ಸಾಲಿನ ಮುಂದೆ, ಸಿಕ್ಕಿಸಲಾಗಿದೆ ಎಂದಿತ್ತು. ಅದು ಸಿಕ್ಕಿಸಿರುವುದರಿಂದ ಸ್ಪೀಕರನ್ನು ಸುಮ್ಮನಿರಿಸಲಾಗಿದೆ ಎಂದೂ ಇತ್ತು.

ನನಗೆ ತಲೆ ಕೆಟ್ಟಿತು. ಎದ್ದು ನಿಂತು ಕೂಗಿದೆ. "ಸರ್, ಈ ಸುಡಗಾಡು ಹೆಡ್‌ಫೋನ್ ಅದ ಅಂತದ್ರಿ! ಮುಂದಿನ ತೂತಿನ್ಯಾಗ ಹೆಡ್‌ಫೋನ್ ಹಾಕೀರಿ ಅಂತದ! ಎಲ್ಲದ ರೀ ಹೆಡ್‌ಫೋನ್? ಯಾರ ಕಿವ್ಯಾಗ ಅದ?"

ಸರ್ ಕೈಯ ಖಡು ಅಲ್ಲೇ ನಿಂತಿತು. ಮೆಲ್ಲಗೆ ಬಂದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಹೆಂಡತಿ ಹೊಲಿದ ಆ ಅಂಗಿಯ ಅಂಚನ್ನು ಮೇಲೆತ್ತಿದರು. ಬೆರಳಿನಿಂದ ತಡವಿದರು. ಉಗುರಿನಲ್ಲಿ ಹಿಡಿದು ಎಳೆದರು.

"ಹಿಂದಿನ ಬೆಂಚು! ನಾ ಇನ್ನಾ ಜೀವಂತ ಅದೀನಿ!"

ಎಲ್ಲ ಕಂಬಗಳೂ ತುದಿಯಲ್ಲಿದ್ದವಲ್ಲ, ಆ ಯಂತ್ರ ಮೂಗಿನಲ್ಲಿ, ಮುಖ ಮೂತಿ ನೋಡದೆ ಅರಚಿತು. ಕಿಟಕಿಯ ಪಾರಿವಾಳಗಳು ಎದ್ದವು. ಅಂಗಳದಲ್ಲಿ ಪ್ರಾರ್ಥನೆ ನಿಂತೇಹೋಯಿತು. "ಹಿಂದಿನ ಬೆಂಚು! ನಾ ಇನ್ನಾ ಜೀವಂತ ಅದೀನಿ!" ಎಂದು ಇನ್ನೊಂದು ಸಲ ಇಡೀ ಶಾಲೆಗೆ ಕೇಳಿಸಿದ ಮೇಲೆ ನನ್ನ ಕೈಗೆ ಗುಂಡಿ ಸಿಕ್ಕಿತು. ಸರ್ ನೆಲದ ಮೇಲೆ ಕೂತೇ ಇದ್ದರು. ಅಂಗೈಯಲ್ಲಿ ಒಣಗಿ ಕಪ್ಪಾದ ಒಂದು ಬೇವಿನ ಬೂಚು. ಕಂಪ್ಯೂಟರ್ ಬಂದ ಹೊಸದರಲ್ಲಿ, ಆ ಮಧ್ಯಾಹ್ನ, ಅಂಗಿ ತೊಡಿಸುವ ಮೊದಲು ಆ ಮುಂದಿನ ತೂತಿಗೆ ಅವರೇ ಹೊಡೆದದ್ದು. ಅದನ್ನು ಯಂತ್ರ ಹೆಡ್‌ಫೋನ್ ಎಂದು ತಿಳಿದು ಕೂತಿತ್ತು. ದನಿ ಇಷ್ಟು ದಿನವೂ ಒಳಗೆ ಇತ್ತು.

ಬೈಯಬೇಕೆಂದು ಬಾಯಿ ತೆರೆದೆ. ಸರ್ ನಗುತ್ತಿದ್ದರು. ಸದ್ದೇ ಇಲ್ಲ. ಹೆಗಲು ಕುಣಿಯುತ್ತಿತ್ತು, ಕಣ್ಣಲ್ಲಿ ನೀರು, ಕೊರಳ ಬಟ್ಟೆ ಪಟಪಟ ಹಾರುತ್ತಿತ್ತು. ನನಗೆ ನಗುವೂ ಬಂತು, ಅಳುವೂ ಬಂತು. ತಡೆದುಕೊಳ್ಳಲಿಲ್ಲ.

ಪಾಠ ನಡೆಯಿತು. ಮೊದ ಮೊದಲು ಯಂತ್ರ ಬಾಯಿ ಬಿಟ್ಟಾಗಲೆಲ್ಲ ಮಕ್ಕಳು ಕಿಸಕ್ಕನೆ ನಕ್ಕರು. ಕಲಬುರಗಿ ಕಡೆಯ ಮಾತನ್ನು ಅದು ಮದುವೆಯ ಆಮಂತ್ರಣ ಓದಿದ ಹಾಗೆ ಓದುತ್ತಿತ್ತು. ಆದರೆ ಸರ್ ಹಲಗೆಯ ಕಡೆ ತಿರುಗಿದಾಗ ಹಿಂದೆ ಗುಸುಗುಸು ಎದ್ದರೆ, ತಿರುಗದೆ ಎಡಗೈ ಚಾಚಿ ಒಂದು ಗುಂಡಿ ಒತ್ತುವರು. ಹೆಡ್ ಮಾಸ್ತರೂ ಸೇರಿ ಹಿಂದಿನ ಬೆಂಚು ನೆಟ್ಟಗಾಗುವುದು. "ತಪ್ಪಾದ್ರ ಆಗ್ಲಿ, ಹಲಗಿಗೆ ಬಾ" ಎಂದಾಗ ಒಬ್ಬ ಹುಡುಗಿ ಎದ್ದು ಬಂದು ಪ್ರಮೇಯ ಬಿಡಿಸಿದಳು. ಅರ್ಧಕ್ಕೆ ತಪ್ಪಿದಳು, ಅಳಿಸಿದಳು, ಮತ್ತೆ ಬಿಡಿಸಿದಳು. ಸರ್ ತಮ್ಮ ಕೈಯ ಖಡುವಿನ ತುಂಡು ಅವಳ ಕೈಗೆ ಕೊಟ್ಟರು. ಆ ಮೇಲೆ ಯಾರೂ ನಗಲಿಲ್ಲ.

ಹೊರಗೆ ಹೋಗುವಾಗ ಹೆಡ್ ಮಾಸ್ತರು ಬಾಗಿಲಲ್ಲಿ ನಿಂತು, "ಹತ್ತನೇದು ನಿಮ್ದೇ ಸರ್. ಖರೇ ಹೇಳ್ತೀನಿ, ಅದು ಒದರಿದ್ರ ನನಗೂ ಅಂಜಿಕಿ ಬರ್ಲಿಕತ್ತದ," ಅಂದರು.

ಒಂದು ದಿನ ಸರ್ ಅವರ ಹೆಂಡತಿ ಅಂಗಿಗಳನ್ನು ಒಗೆಯಲು ಒಯ್ಯಲೆಂದು ಶಾಲೆಗೆ ಬಂದರು. ಸರ್ ಅವರನ್ನು ಯಂತ್ರದ ಮುಂದೆ ಕೂರಿಸಿ, ಏನೋ ಟೈಪ್ ಮಾಡಿ, ಗುಂಡಿ ಒತ್ತಿದರು. "ಊಟ ಆಯ್ತೇನು? ನನ್ನ ಸಲುವಾಗಿ ಭಾಳ ತ್ರಾಸ ಮಾಡ್ಕೊಂಡಿ" ಎಂದು ಅದು ಓದಿತು. ಆಕೆ ಯಂತ್ರವನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿದರು. "ಯವ್ವಾ, ಬಂದ್ ಮಾಡ್ರಿ ಇದನ್ನ. ಇದರ ಕೂಡ ನಾ ಸಂಸಾರ ಮಾಡಿಲ್ಲ," ಎಂದು ಎದ್ದು, ಗಂಡನ ಕೊರಳ ಬಟ್ಟೆ ಸ್ವಲ್ಪ ಓರೆಯಾಗಿದ್ದದ್ದನ್ನು ಸರಿಮಾಡಿ, ಅಂಗಿಗಳ ಗಂಟು ಎತ್ತಿಕೊಂಡು ಹೋದರು. ಸರ್ ಟೈಪ್ ಮಾಡಿದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದರು.

ಅವರು ಹಟ ಹಿಡಿದ ಹಾಗೆಯೇ ಆಯಿತು. ಕ್ಲಾಸಿನಲ್ಲಿ ನಿಂತೇ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಭಾಷಣಕ್ಕೆ ಯಂತ್ರ ತರಿಸಲೇ ಅಂದರೆ ಬೇಡ ಎಂದು ತಲೆಯಾಡಿಸಿದರು. ಅದು ಕ್ಲಾಸಿಗೆ ಮಾತ್ರ. ಶಾಲು, ಹಾರ ಹಾಕಿಸಿಕೊಂಡು ಸುಮ್ಮನೆ ಕೈ ಮುಗಿದು ಕೂತಿದ್ದರು. ಆಮೇಲೆ ಊರಿಗೆ ಹೋಗಿ ಉಳಿದರು. ರೋಗ ತಿರುಗಿ ಬಂತೆಂದು ಕೇಳಿದ್ದೆ. ಹೋಗಬೇಕು ಹೋಗಬೇಕು ಅನ್ನುತ್ತಲೇ ಇದ್ದೆ. ಹೋದದ್ದು ಹೋದ ತಿಂಗಳು.

ಗುಂಡಗುರ್ತಿಯಲ್ಲಿ ಅವರ ಹೊಲದಲ್ಲೇ ಕುಣಿ ತೋಡಿದ್ದರು. ಲಿಂಗಾಯತರ ಪದ್ಧತಿಯಂತೆ ಅವರನ್ನು ಕೂರಿಸಿಯೇ ಇಳಿಸಿದ್ದರು. ತಲೆಗೆ ಹೂವಿನ ಸರ, ಕೈಯಲ್ಲಿ ಲಿಂಗ, ಕೊರಳಿಗೆ ತೊಳೆದ ಬಿಳಿ ಬಟ್ಟೆ. ಪಕ್ಕದಲ್ಲಿ ತೋಡಿ ಹಾಕಿದ ಮಣ್ಣು ಒಣಗಿ ಪುಡಿಯಾಗಿತ್ತು, ಗಾಳಿಗೆ ಏಳುತ್ತಿತ್ತು. ವಿಧಿ ನಡೆಸುತ್ತಿದ್ದ ಅಯ್ಯನವರು ಹಣೆಗೆ, ತೋಳಿಗೆ, ಎದೆಗೆ ವಿಭೂತಿ ಹಚ್ಚಿ, ಕೊರಳಿನ ಬಟ್ಟೆ ಬಿಚ್ಚಲು ಕೈ ಹಾಕಿದರು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಥಟ್ಟನೆ ಎದ್ದರು.

"ಅದು ಬಿಚ್ಚಬ್ಯಾಡ್ರಿ ಅಪ್ಪೋರ."

"ಕೊರಳಿಗಿ ವಿಭೂತಿ ಹಚ್ಚಬೇಕಲ್ಲವ್ವ."

"ಬಟ್ಟಿ ಮ್ಯಾಲೇ ಹಚ್ರಿ. ಧೂಳ ಒಳಗ ಹೋಗ್ತದ."

ಅಯ್ಯನವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಅವರು ಬಟ್ಟೆಯ ಮೇಲೆಯೇ ವಿಭೂತಿ ಹಚ್ಚಿ, ಹಿಂದಿನ ಗಂಟು ಸಡಿಲಾಗಿದೆಯೇ ಎಂದು ಮುಟ್ಟಿ ನೋಡಿ, ಬಿಗಿ ಮಾಡಿದರು. ಮಣ್ಣು ಕೊಡುವ ಹೊತ್ತು ಬಂತು. ಹೆಡ್ ಮಾಸ್ತರು ಮೊದಲು ಹೋದರು, ನಾನು ಅವರ ಹಿಂದೆ, ಹಳೆಯ ಮಕ್ಕಳು ನಮ್ಮ ಹಿಂದೆ. ಒಬ್ಬರೂ ಮೇಲಿಂದ ಮಣ್ಣು ಎಸೆಯಲಿಲ್ಲ. ಬಗ್ಗಿ, ಹತ್ತಿರ ಕೈ ಒಯ್ದು, ಧೂಳು ಏಳದ ಹಾಗೆ ಮೆಲ್ಲಗೆ ಇಟ್ಟು ಬಂದೆವು.